ದೊರೆಯ ಬೆನ್ನ ಹಿಂದೆ ನಿಂತು

ಅದೇ ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಊರೂರಿನ ಸೇತುವೆಗಳನ್ನು ಬಡಿದು ಎಬ್ಬಿಸುವ ನನ್ನ ಮುದ್ದು ಮಗಳೇ,

ಹೇಗಿದ್ದೀಯೆ? ಕೆಮ್ಮು ಹೋಯಿತೇ, ಇಲ್ಲಾ ಅದಕ್ಕೂ ನಿನ್ನಲ್ಲಿ ಕಾಯಂ ಕೆಲಸ ಸಿಕ್ಕಿತೇ? ಹೊಳೆಯ ಮೇಲೆ ಗಾಳಿಗೆ ನೇತಾಡುತ್ತಾ, ಸುತ್ತಿಗೆಯಿಂದ ಕಬ್ಬಿಣ ಕುಟ್ಟಿ, ಅದು ಏನನ್ನುತ್ತದೆ ಎಂದು ಕಿವಿಗೊಡುವ ಕೆಲಸ ನಿನ್ನದು. ಕಿವಿಗೆ ಹತ್ತಿ ಇಟ್ಟುಕೋ ಅಂದರೆ ಕೆಲಸ ಕೆಡುತ್ತದೆ, ಬೇಡ ಅಂದರೆ ಕಿವಿ ಕೆಡುತ್ತದೆ. ಅದಕ್ಕೇ ಕುತ್ತಿಗೆಗಾದರೂ ಬೆಚ್ಚಗೆ ಏನಾದರೂ ಸುತ್ತಿಕೋ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಒಂದು ರಾಗ, ಇಳಿಯುವಾಗ ಇನ್ನೊಂದು ರಾಗ ಹಾಡುತ್ತದೆ. ಮೂರನೇ ಮಹಡಿಯಲ್ಲಿ ಮನೆ ಮಾಡಿದವರಿಗೆ ಸಂಗೀತಕ್ಕೆ ಬರವಿಲ್ಲ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಊರಿಗೆಲ್ಲ ಕನ್ನಡಕ ಹಾಕಿಸಿದ ಆ ಮನುಷ್ಯ ಮೊನ್ನೆ ತಮ್ಮ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕಿದರು. ನಿನ್ನ ತಮ್ಮ ದೊರೆ ಪಕ್ಕದಲ್ಲೇ ಕೂತು ನೋಡುತ್ತಿದ್ದ, ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದರೆ, “ಅಪ್ಪಂಗೆ ಹುಡುಕೋದು ಇಷ್ಟ” ಅಂದ.

ನಿನ್ನ ಪತ್ರ ಬಂತು. ಆ ದೊಡ್ಡ ಸೇತುವೆಯ ಕಾಯಂ ಕೆಲಸ ಬೇಡವೆಂದು ತಿಂಗಳ ಕೊನೆಯೊಳಗೆ ಬರೆದುಕೊಟ್ಟು ಮನೆಗೆ ಬಂದುಬಿಡುತ್ತೇನೆ ಎಂದಿದ್ದೀಯೆ. “ನೀವಿಬ್ಬರೂ ಹೋದ ಮೇಲೆ ಅವನಿಗೆ ನಾನಲ್ಲದೆ ಇನ್ಯಾರಿದ್ದಾರಮ್ಮ, ನೀವು ಬರೆಸೋ ಕಾಗದದಲ್ಲಿ ನನ್ನ ಹೆಸರನ್ನೇ ಹಾಕಿಸಿ” ಎಂಬ ಸಾಲನ್ನು ನಿಮ್ಮಪ್ಪ ಎರಡು ಸಲ ಗಟ್ಟಿಯಾಗಿ ಓದಿದರು. ಮೊದಲ ಸಲ ಹೆಮ್ಮೆಯಿಂದ, ಎರಡನೇ ಸಲ ಮೂಗೊರೆಸಿಕೊಂಡು. ನಮ್ಮನ್ನು ಕಳಿಸುವುದಕ್ಕೆ ನಿನಗೇಕೆ ಇಷ್ಟು ಅವಸರವೋ ತಿಳಿಯದು, ನಾನಿನ್ನೂ ಪೆಟ್ಟಿಗೆ ಕಟ್ಟಿಲ್ಲ. ಆದರೆ ನಿನ್ನ ಪ್ರಶ್ನೆ ಮಾತ್ರ ಸುಳ್ಳಲ್ಲ. ದೊರೆ ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅದೊಂದು ಪ್ರಶ್ನೆ ಯಾರೂ ಹಾಕದೆಯೇ ತಿರುಗುವ ಫ್ಯಾನಿನ ಹಾಗೆ ನಮ್ಮ ತಲೆಯ ಮೇಲೆ ತಿರುಗುತ್ತಲೇ ಇದೆ: ನಮ್ಮ ನಂತರ ಇವನು ಎಲ್ಲಿ, ಯಾರ ಜೊತೆ? ಅದಕ್ಕೆ ಉತ್ತರ ಬರೆಸಿಡೋಣವೆಂದೇ ಲಾಯರಮ್ಮನ ಹತ್ತಿರ ಹೋದದ್ದು. ಅಲ್ಲಿ ಏನೇನಾಯಿತು ಎಂಬುದನ್ನು ಪೂರ್ತಿ ಓದು, ಆಮೇಲೆ ನಿನ್ನ ಆ ‘ಬೇಡ’ ಪತ್ರವನ್ನು ಏನು ಮಾಡಬೇಕೋ ಮಾಡು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯೆ. ಕಾಗದಕ್ಕೆ ಬಾಯಿ ಹಾಕುವುದು ಮೇಕೆ ಮಾತ್ರ.

ಲಾಯರಮ್ಮನ ಆಫೀಸು ಬೇಕರಿಯ ಮೇಲಿದೆ. ಹತ್ತಿ ಹೋಗುವಷ್ಟರಲ್ಲಿ ಬಿಸಿ ಬ್ರೆಡ್ಡಿನ ವಾಸನೆಗೆ ಮನಸ್ಸು ಮೆತ್ತಗಾಗಿ, ಯಾರಿಗೆ ಬೇಕಾದರೂ ಏನು ಬೇಕಾದರೂ ಬರೆದುಕೊಟ್ಟುಬಿಡೋಣ ಎನಿಸುತ್ತದೆ. ಬೇಕೆಂದೇ ಅಲ್ಲಿ ಆಫೀಸು ಮಾಡಿದ್ದಾರೋ ಏನೋ. ಆಕೆಗೆ ವಯಸ್ಸು ನಿನ್ನದೇ, ನೆಗಡಿ ಮಾತ್ರ ಬಹಳ ಹಳೆಯದು. ಬಾಯಿ ತೆರೆದರೆ ಮೊದಲು ಸೀನು, ಆಮೇಲೆ ಸೆಕ್ಷನ್ನು. ನಾನು, ನಿಮ್ಮಪ್ಪ, ದೊರೆ ಮತ್ತು ನಿನ್ನ ಸೋದರತ್ತೆ ಹೋಗಿದ್ದೆವು. ಅತ್ತೆ ರೈಲಿನ ಟಿಕೆಟ್ ತಪಾಸಣೆಯ ಕೆಲಸದಿಂದ ರಿಟೈರಾಗಿ ವರ್ಷಗಳಾದರೂ, ಎದುರಿಗೆ ಯಾರು ಕೂತರೂ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡುವ ಹಾಗೇ ನೋಡುತ್ತಾರಲ್ಲ, ಲಾಯರಮ್ಮನನ್ನೂ ಹಾಗೇ ನೋಡಿದರು. ನೋಡಿ, ಕೈಚೀಲದಿಂದ ತಮ್ಮ ಉಯಿಲನ್ನು ತೆಗೆದು ಮೇಜಿನ ಮೇಲೆ ಇಟ್ಟರು. “ನಂದೆಲ್ಲ ಆಗ್ಲೇ ಮುಗಿದಿದೆ. ನನ್ನ ಫ್ಲಾಟು, ಬ್ಯಾಂಕಲ್ಲಿರೋದು, ಎಲ್ಲ ನಮ್ಮ ದೊರೆ ಹೆಸರಿಗೆ. ನೇರವಾಗಿ. ಮಧ್ಯೆ ಯಾರೂ ಬೇಡ.” ಲಾಯರಮ್ಮ ಅದನ್ನು ಓದಿದರು, ಸೀನಿದರು, ಬಹಳ ಮೃದುವಾಗಿ ಹೇಳಿದರು: “ಅಮ್ಮಾ, ಇದು ಹೀಗೇ ಇದ್ರೆ ನೀವು ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ.” ಉಯಿಲಿಗೂ ಹುಯಿಲಿಗೂ ಇರುವುದು ಒಂದು ‘ಹ’ದ ಅಂತರ ತಾನೇ? ಆ ‘ಹ’ವನ್ನು ಅತ್ತೆ ತಕ್ಷಣ ಒದಗಿಸಿದರು. “ಹಾಂ?” ಎಂದ ಆ ಒಂದೇ ಕೂಗಿಗೆ ಕೆಳಗೆ ಬೇಕರಿಯವನ ಕೈಯಿಂದ ತಟ್ಟೆ ಬಿದ್ದ ಸದ್ದು ಕೇಳಿಸಿತು.

ಅತ್ತೆಗೆ ಅವರು ಬಿಡಿಸಿ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ದೊರೆಗೆ ಸರ್ಕಾರದಿಂದ ತಿಂಗಳು ತಿಂಗಳು ಬರುವ ಭತ್ಯೆ, ಆಸ್ಪತ್ರೆಯ ಖರ್ಚು, ನೋಡಿಕೊಳ್ಳುವವರು ಜೊತೆಗಿರುವ ಮನೆಗಳಲ್ಲಿ ಸಿಗಬಹುದಾದ ಜಾಗ, ಇವೆಲ್ಲ ಸ್ವಂತಕ್ಕೆ ಏನೂ ಇಲ್ಲದವರಿಗೆ ಮಾತ್ರ. ಅತ್ತೆಯ ಫ್ಲಾಟು ಇವನ ಹೆಸರಿಗೆ ಬಂದ ದಿನವೇ ಇವನು ಕಾಗದದ ಮೇಲೆ ಸಾಹುಕಾರ. ಸಾಹುಕಾರನಿಗೆ ಭತ್ಯೆ ಯಾಕೆ ಎಂದು ಅವೆಲ್ಲ ನಿಂತುಹೋಗುತ್ತವೆ. ಫ್ಲಾಟು ಮಾರಿ, ಅದು ಕರಗುವ ತನಕ ಕೂತು ತಿಂದು, ಮತ್ತೆ ಬಡವನಾಗಿ, ಸಾಲಿನ ತುದಿಗೆ ಹೋಗಿ ನಿಲ್ಲಬೇಕು. ಪ್ರೀತಿಯಿಂದ ಕೊಟ್ಟ ಆಸ್ತಿಯೇ ಅವನ ಪಾಲಿಗೆ ನಾಸ್ತಿ. ಇದನ್ನು ತಪ್ಪಿಸುವುದಕ್ಕೆಂದೇ ಇವನಂಥವರಿಗಾಗಿ ಒಂದು ಬಗೆಯ ಟ್ರಸ್ಟು ಇದೆಯಂತೆ. ಫ್ಲಾಟೂ ಹಣವೂ ಟ್ರಸ್ಟಿನದು, ಉಪಯೋಗ ಮಾತ್ರ ಇವನದು. ಭತ್ಯೆಯಲ್ಲಿ ಬಾರದ ಹಲ್ಲಿನ ಡಾಕ್ಟರು, ಒಳ್ಳೆಯ ಶೂ, ಒಂದು ಪ್ರವಾಸ, ಒಂದು ಹಾಸಿಗೆ, ಇಂಥದ್ದಕ್ಕೆಲ್ಲ ಟ್ರಸ್ಟಿನವರೇ ಅಂಗಡಿಗೆ ದುಡ್ಡು ಕಟ್ಟುತ್ತಾರೆ, ಇವನ ಕೈಗೆ ಕೊಡುವುದಿಲ್ಲ. “ಛತ್ರಿ ಅವರ ಕೈಯಲ್ಲಿರಲ್ಲಮ್ಮ, ತಲೆ ಮೇಲಿರುತ್ತೆ. ಹಿಡಿಯೋರು ಬೇರೆ” ಎಂದರು ಲಾಯರಮ್ಮ. ಅತ್ತೆ ಬಿಡುವವರೇ? “ಹಿಡಿಯೋರೇ ಛತ್ರಿಗಳಾದ್ರೆ?” ಎಂದರು. ಲಾಯರಮ್ಮ ನಗುತ್ತಲೂ ಸೀನುತ್ತಲೂ, ಅದಕ್ಕೇ ಇಬ್ಬರು ಬೇಕು, ಲೆಕ್ಕ ಇಡಲು ಬ್ಯಾಂಕಿನ ಟ್ರಸ್ಟ್ ವಿಭಾಗ, ಆ ಲೆಕ್ಕ ನೋಡಿ ಬೈಯಲು ಮನೆಯವರೊಬ್ಬರು ಎಂದರು. “ಬೈಯೋ ಕೆಲಸ ನಂಗಿರ್ಲಿ” ಎಂದು ಅತ್ತೆ ಅಲ್ಲೇ ಹಳೇ ಉಯಿಲನ್ನು ಹರಿದು, ಎಲ್ಲವನ್ನೂ ಟ್ರಸ್ಟಿಗೆ ಬರೆಯಲು ಒಪ್ಪಿದರು. ನಾವೂ ನಮ್ಮದನ್ನು ಹಾಗೇ ಮಾಡಿದೆವು. ವಿಲ್ ಬರೆಯಲು ಎಷ್ಟು ವಿಲ್‌ಪವರ್ ಬೇಕು ಎಂದು ನನಗೆ ಅವತ್ತೇ ತಿಳಿದದ್ದು. ಸ್ವಂತ ಸಾವಿನ ಮಾತನ್ನು ಬಿಸಿ ಬನ್ನು ತಿನ್ನುತ್ತಾ ಆಡುವುದು ಸುಲಭವಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, “ಆಸ್ತಿ ವಿಷಯ ಆಯ್ತು, ಈಗ ಮನುಷ್ಯನ ವಿಷಯ” ಎಂದರು ಲಾಯರಮ್ಮ. ಟ್ರಸ್ಟಿನ ಕಾಗದದ ಜೊತೆಗೆ ಇನ್ನೊಂದು ಬರಹ ಇರಬೇಕಂತೆ. ದೊರೆಯನ್ನು ಕಂಡೇ ಇರದವರೊಬ್ಬರು ಅದನ್ನು ಓದಿಕೊಂಡು ನಾಳೆಯಿಂದ ಅವನನ್ನು ನೋಡಿಕೊಳ್ಳುವ ಹಾಗಿರಬೇಕು. ಅವನಿಗೆ ಏನು ಇಷ್ಟ, ಏನು ಆಗದು, ಹೆದರಿದರೆ ಏನು ಮಾಡುತ್ತಾನೆ, ಎಲ್ಲಿ ಇರಲು ಬಯಸುತ್ತಾನೆ. “ಮೂವರೂ ಬೇರೆ ಬೇರೆ ಬರ್ಕೊಂಡು ಬನ್ನಿ, ಒಬ್ಬರದ್ದು ಒಬ್ಬರು ನೋಡ್ಬೇಡಿ” ಎಂದರು. ಇಡೀ ಆಯುಷ್ಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳಿ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದ ನನಗೇ ಈ ಎಚ್ಚರಿಕೆ! ಆದರೂ ಶ್ರದ್ಧೆಯಿಂದ ಬರೆದೆವು. ಮುಂದಿನ ಸಲ ಹೋದಾಗ ಲಾಯರಮ್ಮ ಮೂರನ್ನೂ ಎದುರಿಗಿಟ್ಟುಕೊಂಡು ಓದಿದರು. ನಾನು ಬರೆದಿದ್ದೆ: ದೊರೆಗೆ ಟೀ ಅಂದರೆ ಪ್ರಾಣ, ಹಾಲೂ ಸಕ್ಕರೆಯೂ ಮುಂದಾಗಿರಬೇಕು, ಆರಿಸಿ ಕೊಡಬೇಕು. ನಿಮ್ಮಪ್ಪ ಬರೆದಿದ್ದರು: ಟೀ ಬಹಳ ಇಷ್ಟ, ಅಂಗಡಿಯಲ್ಲಿ ನನ್ನ ಹಾಗೇ ಸಕ್ಕರೆ ಇಲ್ಲದೆ, ಬಾಯಿ ಸುಡುವಷ್ಟು ಬಿಸಿ. ಅತ್ತೆ ಬರೆದಿದ್ದರು: ಹಾಲಿಲ್ಲದ ಕಪ್ಪು ಟೀಗೆ ನಿಂಬೆ ಹಿಂಡಿ ಕೊಟ್ಟರೆ ಒಂದು ಹನಿ ಬಿಡದೆ ಕುಡಿಯುತ್ತಾನೆ. ನನ್ನ ಪ್ರಕಾರ ಅವನಿಗೆ ದೀಪ ಉರಿಯುತ್ತಿದ್ದರೇ ನಿದ್ದೆ. ಅತ್ತೆಯ ಪ್ರಕಾರ ಕಗ್ಗತ್ತಲೆಯಲ್ಲೇ ನಿದ್ದೆ. ನಾವು ಮೂವರೂ ಸೇರಿ ಒಬ್ಬನನ್ನು ಸಾಕಿದ್ದೇವೆ ಎಂದುಕೊಂಡಿದ್ದರೆ, ಒಬ್ಬೊಬ್ಬರೂ ಒಂದೊಂದು ದೊರೆಯನ್ನು ಸಾಕಿದ್ದೆವು. ಇವು ಮೂರೂ ಒಟ್ಟಿಗೆ ನಿಜವಾಗಲಾರವು ಎಂಬುದು ನನಗೆ ತರ್ಕಶಾಸ್ತ್ರದಿಂದ ತಕ್ಷಣ ಹೊಳೆಯಿತು. ಮೂರೂ ಒಟ್ಟಿಗೆ ಸುಳ್ಳಾಗಬಹುದು ಎಂಬುದು ಹೊಳೆಯಲಿಲ್ಲ.

ಒಂದೇ ಒಂದು ವಿಷಯದಲ್ಲಿ ಮೂವರ ಉತ್ತರವೂ ಅಚ್ಚು ಹೊಡೆದ ಹಾಗಿತ್ತು: ನಮ್ಮ ನಂತರ ದೊರೆ ಅಕ್ಕನ ಜೊತೆ ಇರಲು ಬಯಸುತ್ತಾನೆ. ಲಾಯರಮ್ಮ ದೊರೆಯ ಕಡೆ ತಿರುಗಿ, “ಅಕ್ಕನ ಜೊತೆ ಇರ್ತೀರಾ?” ಎಂದರು. ದೊರೆ ನನ್ನ ಮುಖ ನೋಡಿ “ಹೂಂ” ಅಂದ. ನನ್ನ ಎದೆ ಹಗುರಾಯಿತು. ಅವರು ಮೂಗೊರೆಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದರು. “ನೀವು ಆಗ್ಲಿಂದ ಹೇಳ್ತಿದ್ರಲ್ಲ, ಲಂಬು ಅಂತ, ಅವರ ಜೊತೆ ಇರ್ತೀರಾ?” “ಹೂಂ.” ಲಂಬು ನಿನಗೆ ನೆನಪಿರಬೇಕು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದೊರೆಯ ಜೊತೆ ಹಾಸಿಗೆಯ ಹೊದಿಕೆಗಳನ್ನು ಮಡಚುವ, ಕಿವಿ ಕೇಳದ ಆ ಉದ್ದನೆಯ ಹುಡುಗ. ಈಗ ಲಾಂಡ್ರಿಯ ಹಿಂದಿನ ಬೀದಿಯಲ್ಲಿ, ಇವರಂಥ ನಾಲ್ಕು ಜನ ಇರುವ, ಅಡುಗೆ ಔಷಧಿ ನೋಡಿಕೊಳ್ಳಲು ಒಬ್ಬಾಕೆ ಜೊತೆಗಿರುವ ಮನೆಯೊಂದಕ್ಕೆ ಹೋಗಿ ಸೇರಿದ್ದಾನೆ. ಲಾಯರಮ್ಮ ಅಲ್ಲಿಗೂ ನಿಲ್ಲಿಸಲಿಲ್ಲ. “ನನ್ನ ಜೊತೆ, ಇಲ್ಲೇ ಈ ಆಫೀಸಲ್ಲಿ ಇರ್ತೀರಾ?” ದೊರೆ ಫೈಲುಗಳ ರಾಶಿಯನ್ನೊಮ್ಮೆ, ಅವರ ಕೆಂಪು ಮೂಗನ್ನೊಮ್ಮೆ ನೋಡಿದ. ಪಾಪ ಅನ್ನಿಸಿರಬೇಕು. “ಹೂಂ” ಅಂದ. ನಮಗೆಲ್ಲ ನಗು ಬಂತು, ಲಾಯರಮ್ಮ ನಗಲಿಲ್ಲ. “ಇದು ಉತ್ತರ ಅಲ್ಲಮ್ಮ, ಸೌಜನ್ಯ. ಇದನ್ನ ನಂಬ್ಕೊಂಡು ನಾನು ಅವರ ಮುಂದಿನ ಜೀವನ ಬರೆಯೋಕಾಗಲ್ಲ. ಅವರ ಉತ್ತರ ಏನು ಅಂತ ತಿಳ್ಕೊಂಡು ಬನ್ನಿ, ಆಮೇಲೆ ಸಹಿ” ಎಂದು ಕಾಗದಗಳನ್ನು ಮಡಚಿ ಕೊಟ್ಟುಬಿಟ್ಟರು.

ಟ್ರ್ಯಾಮಿನಲ್ಲಿ ಬರುವಾಗ ನಿಮ್ಮಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡದಿದ್ದರೆ ಅವರು ಲೆಕ್ಕ ಹಾಕುತ್ತಿದ್ದಾರೆ ಎಂದರ್ಥ, ಇಲ್ಲಾ ನಿದ್ದೆ ಮಾಡುತ್ತಿದ್ದಾರೆ ಎಂದರ್ಥ. ಇಳಿಯುವಾಗ ನೋಡಿದರೆ ಕಣ್ಣು ಫಳಫಳ ಎನ್ನುತ್ತಿತ್ತು. “ಕಣ್ಣು ತೋರಿಸೋಕೆ ಬಂದೋರೂ ಹೀಗೇ ಮಾಡ್ತಾರೆ ಕಣೇ” ಎಂದು ಶುರು ಮಾಡಿದರು. “ಈ ಗಾಜು ಚೆನ್ನಾಗಿದೆಯಾ ಅಂತ ಕೇಳು, ಎಲ್ಲರೂ ಚೆನ್ನಾಗಿದೆ ಅಂತಾರೆ. ಪಾಪ, ಇಷ್ಟು ಕಷ್ಟಪಡ್ತಿದ್ದಾನಲ್ಲ, ಇವನಿಗ್ಯಾಕೆ ಬೇಜಾರು ಮಾಡೋದು ಅಂತ. ಅದಕ್ಕೇ ಎರಡಿಟ್ಟು ಕೇಳ್ಬೇಕು. ಇದಾ, ಅದಾ? ಆಮೇಲೆ ಹಿಂದುಮುಂದು ಮಾಡಿ ಮತ್ತೆ ಕೇಳ್ಬೇಕು. ನಮ್ಮ ಮುಖ ಅವರಿಗೆ ಕಾಣಿಸ್ಬಾರದು, ಧ್ವನಿ ಏರ್ಬಾರದು, ಇಳೀಬಾರದು. ಗೋಡೆ ಮೇಲಿನ ಅಕ್ಷರ ಓದೋದಕ್ಕಿಂತ ಜಾಸ್ತಿ ಅವರು ನಮ್ಮ ಮುಖ ಓದ್ತಾರೆ.” ನಾನು, “ಇಷ್ಟು ವರ್ಷ ಈ ವಿದ್ಯೆ ಮನೇಲಿ ಯಾಕೆ ತೋರಿಸ್ಲಿಲ್ಲ?” ಅಂದೆ. “ಅವನ ಕಣ್ಣು ಚೆನ್ನಾಗಿದೆಯಲ್ಲ, ಆ ಕುರ್ಚಿಲಿ ಕೂರ್ಸೋ ಪ್ರಸಂಗಾನೇ ಬರ್ಲಿಲ್ಲ” ಅಂದರು. ಎದುರಿಗಿದ್ದದ್ದು ಕಾಣದಿರುವ ಕಾಯಿಲೆಗೆ ಇಡೀ ಮನೆಗೆ ಕನ್ನಡಕ ಬೇಕಾಗಿತ್ತು, ಅಂಗಡಿ ನಮ್ಮದೇ ಆಗಿದ್ದರೂ.

ಅಂಗಡಿಗೆ ವಾರದ ರಜೆ ಇದ್ದ ದಿನ ಮಧ್ಯಾಹ್ನ ದೊರೆಯನ್ನು ಕರೆದುಕೊಂಡು ಹೋದೆವು. ಒಳಕೋಣೆಯಲ್ಲಿ ಆ ಕುರ್ಚಿ ಇದೆಯಲ್ಲ, ಕಾಲಲ್ಲಿ ಒತ್ತಿದರೆ ಮೇಲೇರುವುದು, ದೊರೆ ಅದರಲ್ಲಿ ಕೂತು ಮೂರು ಸಲ ಏರಿ ಇಳಿದು ಸಮಾಧಾನ ಮಾಡಿಕೊಂಡ. ನಿಮ್ಮಪ್ಪ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ, ದೀಪ ಸಣ್ಣಗೆ ಮಾಡಿ, ಅವನ ಬೆನ್ನ ಹಿಂದೆ ನಿಂತರು. ನಾನೂ ಅತ್ತೆಯೂ ಅವರಿಗಿಂತ ಹಿಂದೆ, ಬಾಗಿಲಿಗೆ ಒರಗಿ, ಬ್ಯಾಗು ಕಳೆದುಕೊಂಡ ಪ್ರಯಾಣಿಕರ ಹಾಗೆ ಮುಖ ಮಾಡಿಕೊಂಡು ನಿಂತೆವು. ನಿಮ್ಮಪ್ಪ ಗಿರಾಕಿಗಳ ಹತ್ತಿರ ಆಡುವ ಆ ಸಪ್ಪೆ ಧ್ವನಿಯಲ್ಲಿ ಕೇಳಿದರು: “ಬಿಸಿ ಟೀನಾ, ಆರಿದ ಟೀನಾ?” ದೊರೆ ತಲೆ ತಿರುಗಿಸಲು ನೋಡಿದ, ಅಪ್ಪ ಕಾಣಲಿಲ್ಲ. “ಸಕ್ಕರೆ ಹಾಕಿದ್ದಾ, ಹಾಕದೇ ಇರೋದಾ?” ಅದಕ್ಕೂ ಮಾತಿಲ್ಲ. ನಾನು ಇವರ ವಿದ್ಯೆ ಇಷ್ಟೇ ಎಂದುಕೊಂಡೆ. ಆಗ ನಿಮ್ಮಪ್ಪ, ಇನ್ನೊಂದು ಗಾಜು ಬದಲಿಸುವ ಹಾಗೆ, “ಟೀನಾ, ನೀರಾ?” ಎಂದರು. “ನೀರು.” ತಿರುಗಿಸಿ ಕೇಳಿದರು. “ನೀರಾ, ಟೀನಾ?” “ನೀರು.” “ಟೀನಾ, ಏನೂ ಬೇಡ್ವಾ?” “ಏನೂ ಬೇಡ” ಎಂದು ಹೇಳಿ, ನಮ್ಮ ದೊರೆ ತಾನಾಗಿ ಸೇರಿಸಿದ: “ಟೀ ಕಹಿ. ಅಮ್ಮಂದು ಸಿಹಿ ಕಹಿ.” ನಿಮ್ಮಪ್ಪ ತಮ್ಮ ನಿಯಮವನ್ನು ತಾವೇ ಮುರಿದು, “ಮತ್ತೆ ದಿನಾ ಯಾಕೋ ಕುಡೀತೀಯಾ?” ಎಂದುಬಿಟ್ಟರು. ದೊರೆಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತು. “ನೀವು ಮಾಡಿರ್ತೀರಲ್ಲ.”

ಅರ್ಥವಾಯಿತೇನೇ? ನಾವು ಇವನನ್ನು ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದಾಗ ಇವನು ಒಂದೊಂದು ಲೋಟದಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದ. ಅಪ್ಪನ ಜೊತೆ ಬಾಯಿ ಸುಟ್ಟುಕೊಂಡು, ಅತ್ತೆಯ ಜೊತೆ ಮುಖ ಹುಳಿ ಮಾಡಿಕೊಳ್ಳದೆ, ನನ್ನ ಜೊತೆ ಸಕ್ಕರೆಯ ಪಾನಕವನ್ನು ಸಹಿಸಿಕೊಂಡು. ಬುದ್ಧಿ ನಿಧಾನ ಎಂದು ಹುಟ್ಟಿದಾಗಲೇ ಡಾಕ್ಟರು ಹೇಳಿದ್ದರು, ಓದು ಬರಹ ಲೆಕ್ಕ ಬರಲಿಲ್ಲ ನಿಜ. ಆದರೆ ಮನೆಮಂದಿಯ ಮುಖಗಳನ್ನು ಈ ಮಟ್ಟಿಗೆ ಓದಿಕೊಂಡವನು ನಮ್ಮಲ್ಲಿ ಇನ್ನೊಬ್ಬನಿಲ್ಲ.

ಆಮೇಲೆ ದೊಡ್ಡ ಪ್ರಶ್ನೆ. ನಿಮ್ಮಪ್ಪ ಗಂಟಲು ಸರಿಮಾಡಿಕೊಂಡು, ಮತ್ತೆ ಸಪ್ಪೆಯಾಗಿ, “ಅಕ್ಕನ ಮನೆಯಾ, ಲಂಬು ಇರೋ ಮನೆಯಾ?” ಎಂದರು. “ಲಂಬು ಮನೆ.” “ಲಂಬು ಇರೋ ಮನೆಯಾ, ಅಕ್ಕನ ಮನೆಯಾ?” “ಲಂಬು ಮನೆ. ಹೇಳಿದ್ನಲ್ಲ!” “ಅಪ್ಪ ಅಮ್ಮ ಇಲ್ಲದೇ ಇರೋವಾಗ್ಲಾ, ಈಗ್ಲಾ?” “ಈಗ.” ಹಿಂದುಮುಂದು ಮಾಡಿದರೂ “ಈಗ”. ಅತ್ತೆ ನನ್ನ ಕೈ ಹಿಡಿದುಕೊಂಡರು. ನನಗೆ ತಡೆಯಲಾಗಲಿಲ್ಲ ಕಣೇ. ಕೇಳುವ ಸರದಿ ನನ್ನದಲ್ಲ, ಕೇಳಬಾರದೆಂದು ನಿಮ್ಮಪ್ಪ ಕೈಯಾಡಿಸುತ್ತಲೂ ಇದ್ದರು. ಆದರೂ ಅವರದೇ ಧ್ವನಿಯನ್ನು ಎರವಲು ಪಡೆದು ಕೇಳಿದೆ: “ಅಮ್ಮನ ಮನೆಯಾ, ಲಂಬು ಮನೆಯಾ?” ದೊರೆ ಬಹಳ ಹೊತ್ತು ಗೋಡೆಯ ಮೇಲಿನ ಅಕ್ಷರಗಳನ್ನು ನೋಡಿದ. ಆಮೇಲೆ, “ಅಮ್ಮ ಎಲ್ಲಿದ್ದಾಳೆ?” ಅಂದ. ಕಾಲಿನಿಂದ ನೆಲವನ್ನು ಒತ್ತಿ ಕುರ್ಚಿಯನ್ನು ಪೂರ್ತಿ ನಮ್ಮ ಕಡೆ ತಿರುಗಿಸಿದ. ಪರೀಕ್ಷೆಯ ಹಾಲಿನಲ್ಲಿ ನನ್ನ ಮುಖ ಹೇಗಿರುತ್ತಿತ್ತೋ ಹಾಗೇ ಇಟ್ಟುಕೊಳ್ಳಲು ನಾನು ನೋಡಿದೆ. ಅವನು ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಓದಿದ. “ಅಳಲ್ಲ ಅಂದ್ರೆ ಹೇಳ್ತೀನಿ.” “ಅಳಲ್ಲ, ಹೇಳೋ.” “ಲಂಬು ಮನೆ. ಭಾನುವಾರ ನಿಮ್ಮನೆ.”

ನಿಮ್ಮನೆ! ಇಷ್ಟು ವರ್ಷ ‘ನಮ್ಮನೆ’ಯಾಗಿದ್ದದ್ದು ಒಂದೇ ಉಸಿರಿಗೆ ‘ನಿಮ್ಮನೆ’ ಆಗಿಹೋಯಿತು. ನೀನು ಮೊದಲ ಸಲ ಕೆಲಸಕ್ಕೆ ಹೋದವಳು ಫೋನಿನಲ್ಲಿ “ನಿಮ್ಮನೇಲಿ ಮಳೆನಾಮ್ಮ?” ಎಂದು ಕೇಳಿದ್ದಾಗ ನಾನು ನಕ್ಕಿದ್ದೆ, ಇಬ್ಬರು ಮಕ್ಕಳಿಗೂ ಒಂದೇ ಪಾಠ ಯಾವ ಟೀಚರು ಹೇಳಿಕೊಟ್ಟಳೋ. ಕೊಟ್ಟ ಮಾತಿಗೆ ತಪ್ಪದೆ ನಾನು ಅಳಲಿಲ್ಲ. ಅತ್ತೆ ಅತ್ತರು. ಆ ಹೆಸರಿಟ್ಟುಕೊಂಡ ಮೇಲೆ ಆ ಕೆಲಸವನ್ನೂ ಯಾರಾದರೂ ಮಾಡಬೇಕಲ್ಲ.

ಮರುದಿನವೇ ಆ ಮನೆ ನೋಡಿ ಬಂದೆವು. ನಮ್ಮಿಂದ ಟ್ರ್ಯಾಮಿನಲ್ಲಿ ಎರಡು ನಿಲ್ದಾಣ ಅಷ್ಟೇ. ಅಡುಗೆಮನೆಯ ಕಪಾಟುಗಳ ಮೇಲೆ ಒಳಗೇನಿದೆ ಎಂಬುದರ ಚಿತ್ರ ಅಂಟಿಸಿದ್ದಾರೆ, ನಿಮ್ಮಪ್ಪನಿಗೂ ಅಂಥದ್ದೊಂದು ಏರ್ಪಾಡು ಬೇಕು. ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ, ಬಾಗಿಲುಗಳಿಗೆ ಒಳಗಿನಿಂದ ಹಾಕಿಕೊಳ್ಳುವ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ಖಾಲಿ ಇರುವ ಕೋಣೆ ಲಂಬುವಿನ ಕೋಣೆಯ ಎದುರಿಗೇ. ನೋಡಿಕೊಳ್ಳುವಾಕೆ ಬಹಳ ಮಾತಿನವಳಲ್ಲ, ನಾನು ಕೇಳಿದ ಪ್ರಶ್ನೆಗಳಿಗೆಲ್ಲ ದೊರೆಯ ಕಡೆ ನೋಡಿ ಉತ್ತರ ಹೇಳಿದಳು, ಅದು ನನಗೆ ಹಿಡಿಸಿತು. ನಾವು ಅದೂ ಇದೂ ತಪಾಸಣೆ ಮಾಡುತ್ತಿರುವಾಗ ದೊರೆ, ಲಂಬು ಇಬ್ಬರೂ ಒಗೆದು ತಂದಿದ್ದ ಹೊದಿಕೆಯೊಂದನ್ನು ತೆಗೆದುಕೊಂಡರು. ಅವನು ಆ ತುದಿ, ಇವನು ಈ ತುದಿ. ಒಂದು ಸಲ ಜಗ್ಗಿ ಸುಕ್ಕು ಬಿಡಿಸಿದರು, ಒಬ್ಬರ ಕಡೆ ಒಬ್ಬರು ನಡೆದು ಬಂದರು, ತುದಿಗೆ ತುದಿ ಸೇರಿಸಿದರು, ಮತ್ತೆ ಹಿಂದಕ್ಕೆ ನಡೆದರು. ಒಂದು ಮಾತಿಲ್ಲ, ಒಂದು ‘ಹೂಂ’ ಇಲ್ಲ. ಒಬ್ಬನಿಗೆ ಕಿವಿ ಕೇಳದು, ಇನ್ನೊಬ್ಬನಿಗೆ ಬೇಡ ಎನ್ನಲು ಬಾರದು ಎಂದು ನಾವು ತಿಳಿದಿದ್ದೆವು. ಆದರೆ ಒಂದು ಮಡಿಕೆ ಓರೆಯಾದಾಗ ನಮ್ಮ ದೊರೆ ತಲೆ ಅಡ್ಡಡ್ಡ ಆಡಿಸಿ, ಪೂರ್ತಿ ಬಿಡಿಸಿ, ಮೊದಲಿನಿಂದ ಮಡಚಿಸಿದ. ಲಂಬುವಿಗೆ ಅವನು ಬೇಡ ಎನ್ನುತ್ತಾನೆ! ಅದನ್ನು ನೋಡಿದ ಮೇಲೆ ನಾನು ಆ ಬೀದಿ, ಆ ಮನೆ, ಆ ಕೋಣೆ ಯಾವುದಕ್ಕೂ ಹೆಚ್ಚಿನ ಸಾಕ್ಷಿ ಕೇಳಲಿಲ್ಲ.

ಶುಕ್ರವಾರ ಲಾಯರಮ್ಮನ ಹತ್ತಿರ ಸಹಿ ಆಯಿತು. ಬರಹದಿಂದ ಟೀ ಪುರಾಣವೆಲ್ಲ ಅಳಿಸಿಹೋಗಿ, ಅವನ ಬಾಯಿಂದ ಬಂದದ್ದು ಮಾತ್ರ ಉಳಿಯಿತು. ದೀಪ ಆರಿಸಿ ಮಲಗುತ್ತಾನೆ, ಬಾಗಿಲು ಮಾತ್ರ ಸ್ವಲ್ಪ ತೆರೆದಿರಬೇಕಂತೆ. ಮನೆ, ಕೆಲಸ, ಡಾಕ್ಟರು, ಇವುಗಳಲ್ಲಿ ಯಾವುದನ್ನು ಬದಲಾಯಿಸುವುದಿದ್ದರೂ ಮೊದಲು ಅವನನ್ನು ನಿಮ್ಮಪ್ಪನ ರೀತಿಯಲ್ಲಿ ಕೇಳಬೇಕು ಎಂದು ಟ್ರಸ್ಟಿನ ಕಾಗದದಲ್ಲೇ ಹಾಕಿಸಿದೆವು. “ಇದಾ ಅದಾ ಅನ್ನೋ ಕಲಮು ನನ್ನ ಸರ್ವೀಸಲ್ಲೇ ಮೊದಲನೇದು” ಎಂದು ಲಾಯರಮ್ಮ ಸೀನದೆಯೇ ನಕ್ಕರು. ದೊರೆ ಬರುವ ಒಂದನೇ ತಾರೀಕು ಆ ಮನೆಗೆ ಹೋಗುತ್ತಾನೆ. ಹಾಸಿಗೆ ನಾವೇ ಕೊಡಿಸುತ್ತಿದ್ದೇವೆ. ಮೆತ್ತನೆಯದಾ ಗಟ್ಟಿಯಾ ಎಂದು ಕೇಳಿದ್ದೇವೆ, ಗಟ್ಟಿ ಎಂದಿದ್ದಾನೆ. ನಾನು ಮೆತ್ತನೆಯದಕ್ಕೆ ಮುಂಗಡ ಕೊಟ್ಟು ಬಂದಿದ್ದೆ, ಆ ವಿಷಯ ಬಿಡು.

ಇಷ್ಟು ಸಮಾಚಾರ. ಎತ್ತರದಲ್ಲಿ ಹಗ್ಗ ಕಟ್ಟಿಕೊಳ್ಳದೆ ಹೆಜ್ಜೆ ಇಡಬೇಡ, ಹೊತ್ತಿಗೆ ಸರಿಯಾಗಿ ತಿನ್ನು, ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗು. ಅತ್ತೆ ನಿನಗೆ ತಮ್ಮ ಪ್ರೀತಿಯನ್ನೂ ತಪಾಸಣೆಯನ್ನೂ ಕಳಿಸಿದ್ದಾರೆ. ನಿಮ್ಮಪ್ಪನ ಆಶೀರ್ವಾದ, ನನ್ನದು ಅದಕ್ಕಿಂತ ಸ್ವಲ್ಪ ಜಾಸ್ತಿ. ನೀನು ಹಿಡಿದ ಕಂಬಿ ಎಲ್ಲೆಲ್ಲೂ ಗಟ್ಟಿಯಾಗಿರಲಿ.

ಇತಿ,
ನಿನ್ನ ಅಮ್ಮ

ತಾ.ಕ.: ನಿಮ್ಮಪ್ಪ ಅಂಚೆಗೆ ಹಾಕಲು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ವರ್ಷಕ್ಕೊಮ್ಮೆಯಾದರೂ ದೊರೆಯನ್ನು ‘ಈ ಮನೆಯಾ, ಬೇರೆಯಾ’ ಎಂದು ಕೇಳಿ ಬರೆದಿಡಲು ಒಬ್ಬರ ಹೆಸರು ಬೇಕು ಎಂದರು ಲಾಯರಮ್ಮ. ಬ್ಯಾಂಕಿನವರಿಗೆ ಅವನು ‘ಹೂಂ’ ಅನ್ನುತ್ತಾನೆ. ಅತ್ತೆಯ ಮುಖ ಕಂಡರೆ ಹೆದರಿ ‘ಹೂಂ’ ಅನ್ನುತ್ತಾನೆ. ನಾವು ಬೆನ್ನ ಹಿಂದೆ ನಿಂತರೆ ಈಗ ಕುರ್ಚಿ ತಿರುಗಿಸಲು ಕಲಿತುಬಿಟ್ಟಿದ್ದಾನೆ. ಅವನಿಗೆ ಬಹಳ ಬೇಕಾದವರಾಗಿರಬೇಕು, ಆದರೆ ಮುಖ ಕಾಣಬಾರದು. ಮೂವರ ಬಾಯಲ್ಲೂ ಒಟ್ಟಿಗೆ ನಿನ್ನ ಹೆಸರೇ ಬಂತು. ಹಾಗಾಗಿ ನೀನು ಕೇಳಿದ ಹಾಗೆ ನಿನ್ನ ಹೆಸರು ಟ್ರಸ್ಟಿನ ಕಾಗದದಲ್ಲಿ ಇದೆ, ನೋಡಿಕೊಳ್ಳುವವಳು ಎಂದಲ್ಲ, ಫೋನಿನಲ್ಲಿ ಕೇಳುವವಳು ಎಂದು. ನೀನು ಮನೆಗೆ ಬಂದುಬಿಟ್ಟರೆ ಈ ಕೆಲಸ ನಿನ್ನ ಕೈ ತಪ್ಪುತ್ತದೆ ಕಣೇ, ನಿನಗೂ ನಮ್ಮ ಹಾಗೆ ಮುಖ ಬಂದುಬಿಡುತ್ತದೆ. ಆ ಸೇತುವೆಯ ಕೆಲಸ ಒಪ್ಪಿಕೋ. ಇದು ನನ್ನೊಬ್ಬಳ ಮಾತಲ್ಲ. ನಿನ್ನೆ ಅವನು ಹೊರಗೆ ಹೋಗಲು ಬಾಗಿಲ ಬಳಿ ಕೂತಿದ್ದಾಗ, ನಿಮ್ಮಪ್ಪ ಕೋಣೆಯ ಒಳಗಿನಿಂದ, ಕಾಣದ ಹಾಗೆ ನಿಂತು ಕೇಳಿದರು: “ಅಕ್ಕ ಮನೆಗೆ ಬಂದ್ಬಿಡೋದಾ, ಅಲ್ಲೇ ಇದ್ದು ಫೋನ್ ಮಾಡೋದಾ?” “ಫೋನ್” ಅಂದ. ತಿರುಗಿಸಿ ಕೇಳಿದರು, “ಫೋನ್” ಅಂದ. ಯಾಕೋ ಎಂದೆ. “ಬಂದ್ರೆ ಅಕ್ಕ ನನ್ನ ಶೂ ಲೇಸು ಕಟ್ತಾಳೆ. ಫೋನಲ್ಲಿ, ಕಟ್ಕೊಂಡ್ಯೇನೋ ಅಂತ ಕೇಳ್ತಾಳೆ” ಅಂದ. ಅಂದವನು ಬಗ್ಗಿ ಎರಡೂ ಲೇಸನ್ನು ತಾನೇ ಕಟ್ಟಿಕೊಂಡು, ನನಗೆ ಟಾಟಾ ಮಾಡಿ, ಮೆಟ್ಟಿಲಿಳಿದು ಹೋದ.